ಓದಲು ಮಾತ್ರ

ನಿನ್ನೆಯವರೆಗೂ ಬಿಜಾಪುರದ ಈ ಇಡೀ ಆಸ್ಪತ್ರೆಗೆ
ಒಂದೇ ಪಾಸ್‌ವರ್ಡ್.
ಔಷಧಿ ಕಂಪನಿಯ ಕ್ಯಾಲೆಂಡರಿನಲ್ಲಿ, ಏಕಾದಶಿಯ ಪಕ್ಕ,
ಕೆಂಪು ಪೆನ್ನಿನಲ್ಲಿ.
ಕಸ ಹೊಡೆಯುವ ಇಮಾಂಬಿಗೂ ಬಾಯಿಪಾಠ.

ಇವತ್ತು ಒಬ್ಬೊಬ್ಬರನ್ನೇ ಬಿಡಿಸಿ ಕೂಡ್ರಿಸುತ್ತಿದ್ದೇನೆ.
ಪಾತ್ರ, ಪಾತ್ರೆ ಇಲ್ಲಿ ಎರಡೂ ಒಂದೇ:
ಹಿಡಿಸುವಷ್ಟೇ ಸುರಿಯಬೇಕು.
ನರ್ಸ್ ಜ್ವರ ಬರೆಯಬಹುದು, ಅಳಿಸುವಂತಿಲ್ಲ.
ಬಿಲ್ ಕೌಂಟರಿಗೆ ರೊಕ್ಕ ಅಷ್ಟೇ.
ಗುಳಿಗೆ ಕೊಡುವ ಬಸಲಿಂಗಪ್ಪನಿಗೆ ಚೀಟಿ ಕಾಣುತ್ತದೆ,
ಬ್ಯಾನಿ ಕಾಣುವುದಿಲ್ಲ.
'ಇಪ್ಪತ್ತೆರಡ ವರ್ಷ ಎಲ್ಲಾ ನೋಡೀನ್ರಿ ಮೇಡಮ್,
ಈಗ ಕಣ್ಣಿಗೆ ಪಟ್ಟಿ ಕಟ್ಟಾಕತ್ತೀರಲ್ಲ' ಅಂತ
ಚಹಾ ಬಸಿಗೆ ಸುರುವಿಕೊಂಡು ನಕ್ಕ.
ನನಗೆ ನಗು ಬರಲಿಲ್ಲ.

ನಮ್ಮವ್ವನ ಅವ್ವ ಊರ ಬಾವಿಯಿಂದ ಹತ್ತು ಮಾರು ದೂರ
ಕೊಡ ಇಟ್ಟು ನಿಲ್ಲುತ್ತಿದ್ದಳಂತೆ,
ಯಾರಾದರೂ ಸುರಿಯುವ ತನಕ.
ಗಾಲಿಯ ಸಪ್ಪಳ ಕೇಳುತ್ತಿತ್ತು,
ಬೇರೆಯವರ ಕೊಡದಲ್ಲಿ ನೀರು ಕಾಣುತ್ತಿತ್ತು.
ಓದಲು ಮಾತ್ರ.
ಅದಕ್ಕೇ ಇರಬೇಕು, 'ನಿರಾಕರಿಸು' ಒತ್ತುವಾಗೆಲ್ಲ
ಬೆರಳು ಒಂದಿಷ್ಟು ತಡೆಯುತ್ತದೆ.

ನನಗೆ ಮಾತ್ರ ತಡೆಯೇ ಇಲ್ಲ.
ಎಲ್ಲ ಬಾಗಿಲ ಕೀಲಿಯೂ ನನ್ನ ಹತ್ತಿರ,
ಕೀಲಿ ಮಾಡುವ ಅಚ್ಚೂ.
ಹೋದ ಶ್ರಾವಣ, ರಾತ್ರಿ ಪಾಳಿ, ಕೈಗೆ ಕೆಲಸವಿಲ್ಲದೆ
ಒಂದು ಹೆಸರು ಬಡಿದೆ:
ಎದುರುಮನೆಯ ಶೇವಂತಿ.
ಒಂದು ಸಾಲು ಬಂತು.
ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯುವುದಿಲ್ಲ,
ನಿಮಗೆ ಆ ಅನುಮತಿ ಇಲ್ಲ.
ನನಗೂ ಇರಬಾರದಿತ್ತು.

ಎಂಟು ದಿನಕ್ಕೊಮ್ಮೆ ನಳ ಬಂದಾಗ
ಕದ ಬಡಿದು ಎಬ್ಬಿಸುವವಳು ಅವಳೇ,
ಮೊದಲ ಕೊಡ ನನಗೇ ಹಿಡಿಯುತ್ತಾಳೆ.
ಅವಳ ಮುಖ ನೋಡಿ ಮಾತಾಡುವುದು ಬಿಟ್ಟುಹೋಗಿದೆ.
'ಯಾಕವಾ, ನನ್ನ ಮ್ಯಾಲ ಸಿಟ್ಟೇನು?' ಅಂದಳು ಒಮ್ಮೆ.

ಯಾರು, ಎಷ್ಟು ಹೊತ್ತಿಗೆ, ಯಾವ ಸಾಲು,
ಯಂತ್ರ ಎಲ್ಲ ಬರೆದುಕೊಂಡಿದೆ,
ಗುಮ್ಮಟದ ಗೋಡೆ ಪಿಸುಮಾತು ಹಿಡಿದ ಹಾಗೆ.
ಎರಡು ಗಂಟೆ ನಲವತ್ತು ನಿಮಿಷ, ಸ. ಮಾದರ.
ಅದನ್ನು ತಪಾಸು ಮಾಡುವ ಕೆಲಸವೂ ನನ್ನದೇ.
ಅಳಿಸಬಹುದಿತ್ತು.
ಎರಡು ಸಲ ಅಲ್ಲಿಯ ತನಕ ಹೋಗಿ ಬಂದೆ.

ಇವತ್ತು ಬಸಲಿಂಗಪ್ಪನ ಕೆಳಗೆ ನನ್ನ ಹೆಸರೂ ಹಾಕಿ
ಆ ಕೋಷ್ಟಕದ ಹಕ್ಕು ಹಿಂದಕ್ಕೆ ತಗೊಂಡೆ.
ಪರೀಕ್ಷೆಗೆ ಒಮ್ಮೆ ಕೇಳಿದೆ.
ಅನುಮತಿ ಇಲ್ಲ, ಅಂದಿತು.
ಗೊತ್ತು, ಬೇಕೆಂದಾಗ ನನಗೆ ನಾನೇ
ಮತ್ತೆ ಕೊಟ್ಟುಕೊಳ್ಳಬಹುದು.

ಕ್ಯಾಲೆಂಡರ್ ಇಳಿಸಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.
ನಾಳೆ ನಮ್ಮ ಓಣಿಗೆ ನಳ ಬರುವ ದಿನ.