ಅರವತ್ತು ಕಿಲೋಮೀಟರು

ದಾವಣಗೆರೆಯಿಂದ ದುರ್ಗಕ್ಕೆ ಒಂದೂಕಾಲು ತಾಸು
ಅಂತಾನೆ ಕಂಡಕ್ಟರು. ಅವನ ಲೆಕ್ಕ ಅವನಿಗೆ.
ನನ್ನದು ಬೇರೆ:
ಟೋಲ್ ಗೇಟಿನವರೆಗೆ ಒಂದೇ ಉಸಿರು,
ಆಚೆ ಪೆಟ್ರೋಲ್ ಬಂಕು, ಬೀಗದ ಕೈ ಯಾವನೋ ಹುಡುಗನ ಜೇಬಿನಲ್ಲಿ,
ಭರಮಸಾಗರದಲ್ಲಿ ನಿಂತರೆ ನಿಂತಿತು ಬಸ್ಸು,
ಇಲ್ಲವಾದರೆ ಸೇತುವೆ ಹತ್ತಿ ಹಾರಿಹೋಗುತ್ತದೆ
ನನ್ನನ್ನೂ ನನ್ನ ಕರುಳನ್ನೂ ಹೊತ್ತುಕೊಂಡು.

ಮೂರು ದಿನದಿಂದ ಹೊಟ್ಟೆಗೆ ಲಂಚ ಕೊಡುತ್ತಿದ್ದೇನೆ.
ಖಾರ ಮುಟ್ಟಿಲ್ಲ. ಮೆತ್ತಗಿನ ಅನ್ನ, ಬಾಳೆಹಣ್ಣು,
ನೀರಲ್ಲಿ ನೆನೆದು ನಿಟ್ಟುಸಿರು ಬಿಟ್ಟ ಮಂಡಕ್ಕಿ.
ಬೆಣ್ಣೆ ದೋಸೆಯ ಊರಲ್ಲಿ ಹುಟ್ಟಿ
ಹೆಂಚಿನ ವಾಸನೆಯ ಬೀದಿಯನ್ನು
ಮೂಗಿಗೆ ಸೆರಗು ಹಿಡಿದು ದಾಟುವವಳು ನಾನೊಬ್ಬಳೇ ಇರಬೇಕು.

ಒಂಬತ್ತು ವರ್ಷದ ಸಂಸಾರ ನಮ್ಮದು, ನನ್ನದೂ ಈ ಹುಣ್ಣಿನದೂ.
ಡಾಕ್ಟರು ಪರದೆಯ ಮೇಲೆ ತೋರಿಸಿದ್ದರು,
ರವಿಕೆಯ ಅಸ್ತರು ಒಳಗೊಳಗೇ ಹರಿದ ಹಾಗೆ.
ನಿಟುವಳ್ಳಿಯ ಅರ್ಧ ರವಿಕೆಗಳು ನನ್ನ ಕೈಯವು.
ಇದಕ್ಕೆ ಮಾತ್ರ ಸೂಜಿ ಎಲ್ಲಿಂದ ಚುಚ್ಚಲಿ?

ಎಷ್ಟೊಂದು ಮದುವೆಗಳಿಗೆ ಜ್ವರ ಬಂತು ನನಗೆ!
ತಂಗಿಯ ಸೀಮಂತಕ್ಕೆ ಸೊಂಟ ಹಿಡಿಯಿತು.
ಭೇದಿ ಎಂಬ ಪದ ಬಾಯಿಗೆ ಬರಲಿಲ್ಲ.
ಜ್ವರಕ್ಕೆ ಒಂದು ಮರ್ಯಾದೆ ಇದೆ.

ನಾಳೆ ಬಿಂದುಶ್ರೀಯ ಖೋಖೋ ಫೈನಲ್ಲು.
ನಿನ್ನೆಯೇ ತಂಡದ ಜೊತೆ ಹೋದಳು.
ಐದು ವರ್ಷ ಆಡಿದ್ದಾಳೆ ಹುಡುಗಿ,
ಒಂದು ಆಟವನ್ನೂ ನಾನು ನೋಡಿಲ್ಲ.
ಆಟವೇನೋ ಗೊತ್ತು:
ಕುಕ್ಕರಗಾಲಲ್ಲಿ ಕಾಯುತ್ತಿರಬೇಕು,
ಬೆನ್ನ ಹಿಂದೆ ಖೋ ಎಂದರೆ
ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು.

ಚೀಲಕ್ಕೆ ಎರಡು ಲಂಗ, ಸೋಪಿನ ಚೂರು, ಮಾತ್ರೆ,
ಐದು ರೂಪಾಯಿಯ ಹನ್ನೊಂದು ನಾಣ್ಯ.
ಶೌಚಾಲಯದ ಮುಂದೆ ಕೂತವನ ಹತ್ತಿರ
ಎಂದೂ ಚಿಲ್ಲರೆ ಇರುವುದಿಲ್ಲ,
ನನ್ನ ಹತ್ತಿರ ಸಮಯ.
ಉಡಲಿಕ್ಕೆ ಕಪ್ಪು ಸೀರೆ.
ಒಳ್ಳೇ ಕೆಲಸಕ್ಕೆ ಹೊರಟವಳು ಕಪ್ಪೇಕೆ ಅಂದಳು ಅತ್ತಿಗೆ.
ಕಪ್ಪಿಗೆ ಕಲೆ ಕಾಣುವುದಿಲ್ಲ ಕಣೇ,
ಅನ್ನಲಿಲ್ಲ.

ಪಕ್ಕದ ಜೇಬಿನಲ್ಲಿ ಏನೋ ಕೈಗೆ ಸಿಕ್ಕಿತು,
ನೋಟ್‌ಬುಕ್ಕಿನ ಹರಿದ ಹಾಳೆ, ಅವಳ ಓರೆ ಅಕ್ಷರ:
“ಗ್ರೌಂಡ್ ಹಿಂದ್ಗಡೆ ಎರಡೈತೆ. ಎಡಗಡೇದಕ್ಕೆ ಚಿಲ್ಕ ಇಲ್ಲ.
ಬಲಗಡೇದ್ರಲ್ಲಿ ನೀರು ಬರ್ತದೆ, ಮಗ್ಗಿಲ್ಲ, ಇಟ್ಕೊಂಡ್ ಬಾ.
ಬಸ್‌ಸ್ಟ್ಯಾಂಡಿಂದ ಬರೋವಾಗ ಸೀಬೇಹಣ್ಣಿನ ಗಾಡಿ ಎದುರ್ಗೆ ಹೋಟ್ಲು,
ಕೇಳಿದ್ರೆ ಬಿಡ್ತಾರೆ. ಹೋದ ವಾರ ಹೋದಾಗ ಕೇಳೀನಿ.”
ಯಾರಿಗೆ ಅಂತ ಬರೆದಿಲ್ಲ. ಬಾ ಅಂತಲೂ,
ಮಗ್ಗಿನ ಜೊತೆಗೆ ಬಂದದ್ದು ಬಿಟ್ಟರೆ.
ನಾನವಳಿಗೆ ಒಂದು ದಿನವೂ ಹೇಳಿದವಳಲ್ಲ.
ನಮ್ಮ ಮನೆಯ ಗೋಡೆ ತೆಳು.

ನಾಲ್ಕಕ್ಕೆ ಎದ್ದೆ, ನಾಲ್ಕೂವರೆಗೆ, ಐದಕ್ಕೆ.
ಮಗ್ಗು ಚೀಲಕ್ಕೆ ಹಿಡಿಯದೆ
ಸ್ವೆಟರು ತೆಗೆದಿಟ್ಟೆ.
ಸೀರೆಗೆ ಪಿನ್ನು ಸಿಗುತ್ತಿಲ್ಲ,
ದರ್ಜಿಯ ಮನೆಯಲ್ಲಿ ಒಂದು ಪಿನ್ನಿಲ್ಲ!
ಹೊರಗೆ ಅನ್ವರ್‌ಸಾಬಿಯ ಆಟೋ ಗುರುಗುಟ್ಟುತ್ತಿದೆ,
ಒಳಗೆ ಇನ್ನೊಂದು.
ಬಾಗಿಲಿಗೆ ಬೀಗ ಹಾಕಿದೆ.
ತೆಗೆದೆ. ಎರಡು ನಿಮಿಷ ಅಣ್ಣ, ಅಂದೆ.
ಮತ್ತೆ ಹಾಕಿದೆ.