ಹೆಬ್ಬೆರಳಿಗೆ ಎಟುಕುವಷ್ಟು

ಹಳೆಯದು ಗುರುವಾರ ಬಾಣಲೆಗೆ ಬಿತ್ತು.
ಬೇಯುವ ಗೂಡುಗಳ ನಡುವೆ
ಒಂದೇ ಗುಳ್ಳೆ ಬಿಟ್ಟು ತಳ ಸೇರಿತು.
ಸೌಟಿನಲ್ಲಿ ಎತ್ತಿದೆ. ಮುನಿವೆಂಕಟಮ್ಮ
'ಬೆಂದಿದೆಯಾ ನೋಡು, ಎಳೆ ಬಂದರೂ ಬಂತು' ಅಂದಳು.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನೆದುರು ಅಂಗಡಿ.
ಗಜೇಂದ್ರ ಗಾಜಿನ ಮೇಲೆ ಹರವಿದ
ಹಲಗೆ, ಹಲಗೆ, ಹಲಗೆ.
ಒಂದೊಂದೂ ಒಂದನೇ ಕ್ಲಾಸಿನ ಸ್ಲೇಟಿನಷ್ಟು.
'ಚಿಕ್ಕದು ತೋರಿಸಪ್ಪಾ.'
'ಬಜೆಟ್ ಎಷ್ಟು ಮುಬೀನಕ್ಕಾ?'
ನಾನು ಅಳತೆ ಹೇಳಿದೆ, ಅವನಿಗೆ ರೇಟು ಕೇಳಿಸಿತು.

'ದುಡ್ಡಿದೆ. ಚಿಕ್ಕದು ಬೇಕು. ಒಳ್ಳೆಯದು ಬೇಕು.'
ಹುಡುಗ ತಲೆ ಕೆರೆದ.
ಈ ಎರಡು ಮಾತು ಒಂದೇ ಡಬ್ಬಿಯಲ್ಲಿ ಬರುವುದಿಲ್ಲವಂತೆ.
ಕ್ಯಾಮೆರಾಗೆ ಜಾಗ ಬೇಕಂತೆ, ಬ್ಯಾಟರಿಗೆ ಹೊಟ್ಟೆ ಬೇಕಂತೆ.

ನನ್ನ ಬಲಗೈ ನೀರಿನದು.
ಎಳೆ ಹುಡುಕಬೇಕು, ತುಂಡಾದಲ್ಲಿ ಎಸೆದು ಸೇರಿಸಬೇಕು.
ಮಿಕ್ಕ ಲೋಕಕ್ಕೆಲ್ಲ ಎಡಗೈ ಒಂದೇ:
ಟೀ ಲೋಟ, ಜಾರುವ ದುಪಟ್ಟಾ, ಕಣ್ಣಿಗೆ ಬಂದ ಹಬೆ, ಫೋನು.
ಎಡ ಹೆಬ್ಬೆರಳು ಕೆಳಮೂಲೆಯಿಂದ ಹೊರಟಿತು
ಮೇಲಿನ ಮೂಲೆ ಮುಟ್ಟಲು.
ಅರ್ಧದಲ್ಲೇ, ಗೂಟದ ಕರುವಿಗೆ ಮುಗಿದ ಹಾಗೆ,
ಹಗ್ಗ ಮುಗಿಯಿತು.

'ಅದಕ್ಕೂ ಇದೆ ಅಕ್ಕಾ' ಎಂದು ಏನೋ ಒತ್ತಿದ.
ಅಷ್ಟಗಲದ ಪರದೆ ಕುಗ್ಗಿ ಕುಗ್ಗಿ
ಕೆಳಗಿನ ಮೂಲೆಗೆ ಬಂದು ಕೂತಿತು, ಮೇಲೆಲ್ಲ ಕಪ್ಪು.
ಇಪ್ಪತ್ತೆಂಟು ಸಾವಿರ ಕೊಟ್ಟು ದೊಡ್ಡದು ತಂದು
ಮುದುರಿಕೊಂಡು ಬಳಸುವುದು!
ಮೂರು ಕೋಣೆಗೆ ಬಾಡಿಗೆ ಕಟ್ಟಿ
ಅಡುಗೆಮನೆಯಲ್ಲೇ ಮಲಗಿದ ಹಾಗೆ.

ಬೆರಳಿಡಿ ಎಂದ. ಇಟ್ಟೆ. 'ಮತ್ತೆ ಪ್ರಯತ್ನಿಸಿ.'
ಒರೆಸಿ ಇಟ್ಟೆ. 'ಮತ್ತೆ ಪ್ರಯತ್ನಿಸಿ.'
ಹತ್ತೊಂಬತ್ತು ವರ್ಷ ಬಿಸಿನೀರು ಓದಿ ಓದಿ
ಅಳಿಸಿದ ಗೆರೆಗಳು; ಎಷ್ಟು ದುಬಾರಿಯ ಗಾಜಿಗೂ
ನಾನು ನಾನೆಂದು ಸಾಬೀತಾಗಲಿಲ್ಲ.
ರೇಷನ್ ಅಂಗಡಿಯಲ್ಲೂ ಇದೇ ಕತೆ.
ಅಲ್ಲಿ ಜಗಳವಾದರೂ ಆಡಬಹುದು.

ಒಂದು ಗೂಡು ಅವನ ಕೈಗಿಟ್ಟು ಹೇಳೋಣವೆನಿಸಿತು:
ನೋಡು, ಹೆಬ್ಬೆರಳ ಗಾತ್ರ;
ಬಿಚ್ಚಿದರೆ ಇಲ್ಲಿಂದ ಕೆರೆ ಏರಿಯ ತನಕ.
ಆಮೇಲೆ ನಾಲಿಗೆ ಕಚ್ಚಿಕೊಂಡೆ.
ಅಷ್ಟುದ್ದ ಅಷ್ಟರಲ್ಲಿ ಹಿಡಿಸಲು
ಒಂದು ಜೀವ ಒಳಗೇ ಉಳಿದುಬಿಟ್ಟಿರುತ್ತದೆ.
ಚಿಕ್ಕದೂ ಪುಕ್ಕಟೆಯಲ್ಲ.

ಕೊನೆಗೆ ಮೇಲಿನ ಅಟ್ಟದಿಂದ ಇಳಿಯಿತು
ದೂಳು ಕೂತ ಡಬ್ಬಿ, ಎರಡು ವರ್ಷ ಹಿಂದಿನದು.
ಅಳತೆಗೆ ಸಿಕ್ಕ ಬಳೆಯಂತೆ ಕೈಗೆ ಕೂತಿತು.
'ರಾತ್ರಿ ಫೋಟೋ ಮಸುಕು, ಸಂಜೆಗೆ ಚಾರ್ಜ್ ಇರಲ್ಲ,
ಆಮೇಲೆ ಬಯ್ಯಬೇಡಿ' ಎಂದು ಗಜೇಂದ್ರ
ಬಿಲ್ಲಿನ ಹಿಂದೆ ಬರೆದೇ ಕೊಟ್ಟ.

ಈಗ ಲಡಿಯ ಹೊಳಪು ತೋರಿಸಲು
ಹನ್ನೊಂದರ ಬಿಸಿಲಿಗೆ ತಾರಸಿ ಹತ್ತುತ್ತೇನೆ,
ಕ್ಯಾಮೆರಾದಲ್ಲಿಲ್ಲದ್ದನ್ನು ಸೂರ್ಯನಿಂದ ಕಡ ತರುತ್ತೇನೆ.
ದೊಡ್ಡಬಳ್ಳಾಪುರದ ಲಕ್ಕಣ್ಣ
'ಭಾರಿ ಫೋನು ತಗೊಂಡಂಗಿದೆ, ಎಳೆಎಳೆ ಕಾಣ್ತದೆ' ಅನ್ನುತ್ತಾರೆ.
ಕೇಳುವುದು ಮಾತ್ರ ಕೇಜಿಗೆ ನೂರು ಇಳಿಸಿಯೇ.

ಮುನಿವೆಂಕಟಮ್ಮ ದೊಡ್ಡದೇ ತಂದಳು, ಕಂತಿನಲ್ಲಿ.
ರವಿಕೆಯಲ್ಲಿ ಹಿಡಿಸದೆ ಅದಕ್ಕೊಂದು ಚೀಲ ಹೊಲಿದು
ಕೂಸಿನ ಹಾಗೆ ಕಂಕುಳಲ್ಲಿ ತರುತ್ತಾಳೆ.
ಊಟದ ಹೊತ್ತಿಗೆ ಆ ಪರದೆಗೆ ನಾನೂ ಬಾಗುತ್ತೇನೆ.
ಅವಳ ತಂಗಿಯ ಮಗುವಿನ ಹಲ್ಲು
ಎಣಿಸಬಹುದು, ನಾಲ್ಕು, ಅಕ್ಕಿಕಾಳಷ್ಟು.
ನನ್ನದರಲ್ಲಿ ಅದು ಬರೀ ನಗು.

ಆರಕ್ಕೆ ನನ್ನದು ಕಣ್ಣು ಮುಚ್ಚುತ್ತದೆ.
ಮೋಟಾರೂ ಅದೇ ಹೊತ್ತಿಗೆ ನಿಲ್ಲುತ್ತದೆ.
ಮನೆ ತಲುಪುವ ತನಕ ಯಾರೂ ನನ್ನ ಕರೆಯಲಾರರು.
ಎಡಗೈ ಅದನ್ನು ಸುಮ್ಮನೆ ಹಿಡಿದಿರುತ್ತದೆ,
ಕಪ್ಪು ಗಾಜಿನ ಮೇಲೆ ಹೆಬ್ಬೆರಳು
ಆ ಮೂಲೆಯ ತನಕ ಹೋಗಿ
ಮುಟ್ಟಿ ಬರುತ್ತದೆ.