ಬಾಟಲಿಗೆ ಹತ್ತು ಜನ

ಒಂದು ಬಾಟಲಿಗೆ ಹತ್ತು ಜನ.
ಮುಚ್ಚಳಕ್ಕೆ ಸೂಜಿ ತಾಗಿತೋ, ಅಲ್ಲಿಂದ ನಾಲ್ಕು ತಾಸು,
ಅಷ್ಟೇ ಅದರ ಆಯುಸ್ಸು.
ಅದಕ್ಕೇ ಕಾಯುತ್ತೇನೆ,
ಕಾಮಾಕ್ಷಿಪಾಳ್ಯದ ಕಾರ್ಪೊರೇಷನ್ ಶಾಲೆಯಲ್ಲಿ
ಮಕ್ಕಳ ಬೆಂಚಿನ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ.
ಕರಿಹಲಗೆಯಲ್ಲಿ ಯಾರೋ ಅರ್ಧ ಅಳಿಸಿದ ಭಾಗಾಕಾರ.
ನೀಲಿ ಡಬ್ಬಿಯೊಳಗೆ ಐಸು ಮೆಲ್ಲಗೆ ಮಗ್ಗುಲು ಬದಲಿಸುತ್ತದೆ.

ಹೋದ ವರ್ಷ ಇದೇ ಗೇಟಿನ ಮುಂದೆ
ಬೆಳಗಿನ ಜಾವ ನಾಲ್ಕಕ್ಕೇ ಚಪ್ಪಲಿಗಳು ಸಾಲು ಹಿಡಿದಿದ್ದವು
ಮನುಷ್ಯರ ಬದಲಿಗೆ. ಚಪ್ಪಲಿಯ ಪಕ್ಕ ಇಟ್ಟಿಗೆ,
ಇಟ್ಟಿಗೆಯ ಪಕ್ಕ ಹೆಸರು ಬರೆದ ಹಾಲಿನ ಕ್ಯಾನು.
ಟೋಕನ್ ಮುಗಿಯಿತು ಅಂದದ್ದಕ್ಕೆ
ಒಬ್ಬ ಮೇಜು ಗುದ್ದಿದ. ಆಮೇಲೆ ಅತ್ತ.
ಅವನೇ ಈ ಚಿಕ್ಕರೇವಯ್ಯ, ಎದುರಿನ ಲೇತ್ ಶೆಡ್ಡಿನವನು.
ಕರೆದರೆ ಈಗ ಕೈಯ ಗ್ರೀಸು ತೋರಿಸುತ್ತಾನೆ:
"ಸಂಜೆ ಬತ್ತೀನಿ ಸಿಸ್ಟರ್."
ಹನ್ನೊಂದು ದಿನದಿಂದ ಅವನಿಗೆ ಸಂಜೆಯೇ ಆಗಿಲ್ಲ.

ಮನೆಮನೆಗೂ ಹೋಗಿ ಬಂದೆ.
ಮುನಿಹೊನ್ನಮ್ಮ ಸೊಪ್ಪು ಬಿಡಿಸುತ್ತಲೇ ಅಂದಳು:
"ಒಂದಾಯ್ತು, ಎರಡಾಯ್ತು, ಇದೇನವ್ವ
ಮನೆ ಬಾಡಿಗೆ ತರ ಬತ್ತಾನೇ ಇದ್ದೀರಲ್ಲ,
ಹತ್ತು ತಿಂಗಳ ಅಡ್ವಾನ್ಸು ಕಟ್ಟಿದ್ರೆ ಬಿಟ್ಬುಡ್ತೀರಾ?"
ಬೀಗ ಹಾಕಿದ ಗೇಟಿನ ಒಳಗಿಂದ ರಿಟೈರಾದ ಮೇಷ್ಟ್ರೊಬ್ಬರು
ಯಾವುದೋ ದೇಶದ ಅಂಕಿಅಂಶ ಒಪ್ಪಿಸಿದರು, ನನಗಿಂತ ಚೆನ್ನಾಗಿ.
ಕೊನೆಗೆ, "ನಮ್ಮನೆಗೆ ಬಂದು ಹೋಗಿದೆಯಮ್ಮ" ಅಂದರು,
ನೆಂಟರ ಸುದ್ದಿ ಹೇಳುವ ಹಾಗೆ.
ಬೈಕಿನಿಂದ ಇಳಿಯದೆಯೇ ಒಬ್ಬ ಹುಡುಗ:
"ಬರೀ ಸರ್ಟಿಫಿಕೇಟು ಸಿಗುತ್ತಾ ಅಕ್ಕ?"
ನಗಲಿಲ್ಲ ನಾನು. ಬಯ್ಯಲೂ ಇಲ್ಲ.
ಭಯ ಇದ್ದಾಗ ಇವರೆಲ್ಲ ನನ್ನ ಮಾತು ಕೇಳುತ್ತಿದ್ದರು.
ಆ ಭಯ ಇನ್ನೊಮ್ಮೆ ಬರಬಾರದೇ ಅಂತ
ಬಿಸಿಲಲ್ಲಿ ಒಂದು ಗಳಿಗೆ ಅನ್ನಿಸಿಬಿಟ್ಟಿತು.
ಅದನ್ನು ಯಾವ ರಿಜಿಸ್ಟರಿನಲ್ಲಿ ಬರೆಯಲಿ?

ಹನ್ನೊಂದೂವರೆಗೆ ಮೂರು ಜನ. ಹನ್ನೆರಡಕ್ಕೆ ಐದು.
ಬಂದವರು ಫ್ಯಾನಿನ ಕೆಳಗೆ ಕೂತು ಬರದವರ ದಾರಿ ನೋಡುತ್ತಾರೆ,
ಛತ್ರದಲ್ಲಿ ಪಂಕ್ತಿ ತುಂಬದೆ ಬಡಿಸುವುದಿಲ್ಲ ಅಂದಾಗ
ಖಾಲಿ ಎಲೆ ಒರೆಸುತ್ತ ಕೂರುವ ಹಾಗೆ.

ಆರನೆಯವಳು ಆರೋಗ್ಯಮೇರಿ.
ಊದುಬತ್ತಿ ಹೊಸೆದು ಕಪ್ಪಾದ ಬೆರಳು,
ಸೆರಗಿನ ತುಂಬ ಮಲ್ಲಿಗೆ ಸೆಂಟಿನ ಘಾಟು.
ಮಾತಾಡದೆ ಫೋನು ಮುಂದೆ ಹಿಡಿದಳು:
ಪ್ರಿಯ ಸವರಿಮುತ್ತು, ನಿಮ್ಮ ಮುನ್ನೆಚ್ಚರಿಕೆ ಡೋಸ್ ಬಾಕಿ ಇದೆ.
"ಅವರು ಬರಲಿಲ್ವಾ?" ಕೇಳಿಯೇಬಿಟ್ಟೆ.
"ದೀಪಾವಳಿಗೆ ಮುಂಚೆ ಹೋದ್ರು. ಇದ್ರಿಂದ ಅಲ್ಲ.
ಸುಂಕದಕಟ್ಟೆ ಸಿಗ್ನಲ್ಲು, ಲಾರಿ."
ಫೋನನ್ನು ಸೆರಗಿಗೆ ಒರೆಸಿದಳು.
"ಮೂರು ಸಲ ಬಂತು ಸಿಸ್ಟರ್ ಈ ಮೆಸೇಜು.
ಪಾಪ, ಕರೀತಾನೇ ಇದಾರೆ.
ನಮ್ಮನೆಯಿಂದ ಯಾರಾದ್ರೂ ಬರಬೇಕಲ್ಲ ಅಂತ ಬಂದೆ."

ನಿಯಮದ ಪ್ರಕಾರ ಹತ್ತು. ಎದುರಿಗಿರುವುದು ಆರು.
ಹನ್ನೆರಡು ಹತ್ತಕ್ಕೆ ಮುಚ್ಚಳ ತೆಗೆದೆ.
"ಅವರಿಗೆ ಎಡಕ್ಕೆ ಹಾಕಿದ್ರಿ" ಅಂತ
ಎಡ ತೋಳನ್ನೇ ಕೊಟ್ಟಳು.

ಮಧ್ಯಾಹ್ನವೆಲ್ಲ ಗೇಟಿನಲ್ಲಿ ನಾಯಿಯೊಂದು ಮಲಗಿತ್ತು.
ಮೂರೂ ಮುಕ್ಕಾಲಿಗೆ ಡಬ್ಬಿ ಹೊತ್ತು
ಲೇತ್ ಶೆಡ್ಡಿನ ಮುಂದೆಯೇ ನಿಂತೆ.
ಚಿಕ್ಕರೇವಯ್ಯ ಮಷೀನು ಆರಿಸಿದ. ತಿರುಗುತ್ತಿದ್ದ ಕಬ್ಬಿಣ
ನಿಲ್ಲಲು ಬಹಳ ಹೊತ್ತು ತೆಗೆದುಕೊಂಡಿತು.
"ನೀವು ಹಾಕಿಸ್ಕೊಂಡ್ರಾ ಸಿಸ್ಟರ್, ಈ ಮೂರನೇದು?"
"ಸಂಜೆ" ಅಂದೆ.
ಅವನು ನಗಲೂ ಇಲ್ಲ.

ಶಾಲೆಗೆ ವಾಪಸು ಬಂದು ರಿಜಿಸ್ಟರು ತೆರೆದೆ.
ವ್ಯರ್ಥ, ಎಂಬ ಕಾಲಮ್ಮಿನಲ್ಲಿ ನಾಲ್ಕು ಎಂದು ಬರೆಯಬೇಕು.
ಗಡಿಯಾರ ನೋಡಿದೆ.
ಇನ್ನೂ ಹತ್ತು ನಿಮಿಷ ಇತ್ತು.